ಸೀರೆಯಂಚಿನ ಕಾಲುಚೀಲ

ನನ್ನ ತಗಡಿನ ಟ್ರಂಕಿನ ತಳದಲ್ಲಿ, ಒಣಗಿ ಪುಡಿಯಾದ ಬೇವಿನೆಲೆಗಳ ನಡುವೆ, ಒಂದು ಒಂಟಿ ಕಾಲುಚೀಲವಿದೆ. ಉಣ್ಣೆಯದು, ಎಡಗಾಲಿನದು. ಕಾಲುಚೀಲಕ್ಕೆ ಎಡ ಬಲ ಎಲ್ಲಿಯದು ಎಂದು ನೀವು ಕೇಳುವುದು ನ್ಯಾಯವೇ. ಆದರೆ ಇದರ ಮಟ್ಟಿಗೆ ಅದು ದೊಡ್ಡ ಸಂಗತಿ, ಮುಂದೆ ಹೇಳುತ್ತೇನೆ. ಈಗ ಅದು ತೊಟ್ಟಿಲ ಕೂಸಿನ ಪಾದಕ್ಕೆ ಸಾಲುವಷ್ಟಿದೆ, ಆದರೆ ಅದನ್ನು ತೊಡುತ್ತಿದ್ದವಳು ನಮ್ಮ ಮನೆಯ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾರದಷ್ಟು ಎತ್ತರದ ಹೆಂಗಸು. ಅದರ ಎರಡೂ ತುದಿಗೆ ಹಸಿರು ಸೀರೆಯ ಕೆಂಪು ಅಂಚನ್ನು ಹರಿದು, ದಪ್ಪ ದಾರದಿಂದ ಹೊಲಿದು, ಕಟ್ಟಿಕೊಳ್ಳಲು ಲಾಡಿ ಮಾಡಿದ್ದಾರೆ. ಅಂಗಡಿಯಲ್ಲಿ ಇಂಥದೊಂದು ವಸ್ತು ಸಿಕ್ಕರೆ ಯಾವ ಕೆಲಸಕ್ಕೆ ಎಂದು ಯಾರಿಗೂ ಹೊಳೆಯದು. ನನಗೆ ಮಾತ್ರ ಗೊತ್ತು. ಇದು ಕೊರಳಿಗೆ ಕಟ್ಟುವ ಕಾಲುಚೀಲ.

ಅದು ಮೊದಲು ಕಪ್ಪಗಿತ್ತು ಎಂದು ನನ್ನ ನೆನಪು. ಬೂದು ಬಣ್ಣದ್ದಿತ್ತು ಎಂದು ನನ್ನ ತಂಗಿ ಆಣೆ ಮಾಡುತ್ತಾಳೆ. ಬಿಸಿಲಿಗೆ ಹಿಡಿದು ನೋಡಿದರೆ ಅದೀಗ ಎರಡೂ ಅಲ್ಲ, ಹಳೆಯ ಬೆಲ್ಲದ ಬಣ್ಣ. ನೆನಪೆಂಬುದು ಬಹುಕಾಲದ ಬಾಡಿಗೆದಾರನಂತೆ, ಮನೆ ತನ್ನದಲ್ಲದಿದ್ದರೂ ಗೋಡೆಗೆ ತನಗೆ ಬೇಕಾದ ಸುಣ್ಣ ಬಳಿದುಕೊಂಡು ಕೂತಿರುತ್ತದೆ. ಆದ್ದರಿಂದ, ಗೆಳೆಯರೇ, ಈ ಬರಹದಲ್ಲಿ ಕೈಗೆ ಸಿಗುವಂಥವನ್ನು ನಂಬಿ: ಕುಗ್ಗಿದ ಉಣ್ಣೆ, ಸೀರೆಯ ಅಂಚು, ಒರಟು ಹೊಲಿಗೆ. ಉಳಿದದ್ದನ್ನು, ನಾನು ಓದುವ ಹಾಗೆಯೇ, ಒಂದು ಹುಬ್ಬು ಏರಿಸಿಕೊಂಡು ಓದಿ.

ನಮ್ಮ ಬೀದರ ಜಿಲ್ಲೆ ಹೈದರಾಬಾದಿನ ಕೊಂಡಿ ಕಳಚಿಕೊಂಡು ಮೈಸೂರು ರಾಜ್ಯಕ್ಕೆ ಸೇರಲಿದ್ದ ದಿನಗಳವು. ನಾನು ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸ ಶಿಕ್ಷಕಿ. ಓದಿದ್ದು ಉರ್ದುವಿನಲ್ಲಿ, ಅಡುಗೆಮನೆಯಲ್ಲಿ ಆಡುತ್ತಿದ್ದದ್ದು ಅರ್ಧ ಮರಾಠಿ, ಕನ್ನಡವೆಂಬುದು ನನ್ನ ತಂದೆಯ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವಳು, ಬೀಸುವ ಕಲ್ಲಿನ ಮುಂದೆ ಕೂತು ಕಿವಿಗೆ ಹಾಕಿದ ಭಾಷೆ. ಅದರ ಅಕ್ಷರಗಳು ನನ್ನ ಕೈಗೆ ಹತ್ತಿದ್ದು ಬಹಳ ತಡವಾಗಿ, ದೊಡ್ಡವಳಾದ ಮೇಲೆ ಕಲಿತ ಈಜಿನ ಹಾಗೆ. ಅಂಥವಳಿಗೆ ಒಂದು ಕೆಲಸ ಬಂತು. ರಾಜ್ಯಕ್ಕೆ ಸೇರುವ ದಿನ ಬೀದರದಲ್ಲಿ, ಗಾಂಧಿ ಗಂಜ್ ಎಂಬ ಧಾನ್ಯದ ಪೇಟೆಯ ಹತ್ತಿರದ ಮೈದಾನದಲ್ಲಿ ಸಭೆ; ಸಭೆಯ ಸ್ವಾಗತದ ಮಾತು ಕನ್ನಡದಲ್ಲಿ; ಆ ಮಾತನ್ನು ಆಡುವವಳು ನಾನು. ಹೆಣ್ಣೊಬ್ಬಳು ವೇದಿಕೆಯ ಮೇಲೆ ನಿಂತು ಭೊಂಗಾದಲ್ಲಿ, ಅಂದರೆ ಧ್ವನಿವರ್ಧಕದಲ್ಲಿ, ಮಾತಾಡಿದ್ದನ್ನು ನಮ್ಮ ಕಡೆ ಅದುವರೆಗೆ ಯಾರೂ ಕಂಡಿರಲಿಲ್ಲ. ಕನಿಷ್ಠ ನಾನು ಕಂಡಿರಲಿಲ್ಲ. ಸಭೆಯ ಹೊಣೆ ಹೊತ್ತಿದ್ದ ಬೀದರದ ಹೆಡ್ ಮಾಸ್ತರರು ಹಟ ಹಿಡಿದು ನನ್ನ ಹೆಸರನ್ನು ಹಾಕಿಸಿದ್ದರು. ಬೇಡವೆಂದವರು ಹಲವರು. ಅವರ ಕೈಯಲ್ಲಿ ಇನ್ನೊಬ್ಬರು ಸಿದ್ಧರಿದ್ದರು: ಜರಿ ರುಮಾಲಿನ, ಜೇನಿನಂಥ ಕಂಠದ ಒಬ್ಬ ಮಾಸ್ತರರು.

"ಬಾಯಿಯವರ, ನಿಮ್ಮ ದನಿ ಒಂದ್ ನಡುಗಿದ್ರ ಸಾಕು, ಆ ರುಮಾಲ ಮ್ಯಾಲ ಏರ್ತದ," ಎಂದು ಹೆಡ್ ಮಾಸ್ತರರು ಎಚ್ಚರಿಸಿದ್ದರು. "ಆಮ್ಯಾಲ ಹತ್ತ ವರ್ಷ ಯಾವ ಹೆಣ್ಮಗಳನ್ನೂ ಇವರು ಸ್ಟೇಜ್ ಹತ್ತಗೊಡಂಗಿಲ್ಲ. ತಿಳೀತೇನ್ರಿ?"

ತಿಳಿಯಿತು. ತಿಳಿದದ್ದೇ ತಪ್ಪಾಯಿತು. ದನಿ ನಡುಗಬಾರದೆಂದು ನಾನು ಬೆಳಿಗ್ಗೆ ಹೊಲದ ಬದುವಿನ ಮೇಲೆ ನಿಂತು ಜೋಳದ ಪೈರಿಗೆ ಭಾಷಣ ಮಾಡಿದೆ, ಸಂಜೆ ಭಾಲ್ಕಿ ಸ್ಟೇಷನ್ನಿನ ಆಚೆ ಹೋಗಿ ಗೂಡ್ಸ್ ಗಾಡಿಯ ಸದ್ದನ್ನು ಮೀರಿಸಿ ಕೂಗಿದೆ. ನಡುವೆ ತಾಯಿಯ ತವರು, ಔರಾದ ತಾಲೂಕಿನ ಸಂತಪುರಕ್ಕೆ ಒಂದು ಮದುವೆಗೆ ಹೋಗಿ, ಬಸ್ಸಿನ ಕಿಟಕಿಯಲ್ಲಿ ಕೂತು ದಾರಿಯ ಕೆಂಪು ಧೂಳನ್ನೆಲ್ಲ ನುಂಗಿ ಬಂದೆ. ಮರುದಿನ ಹಾಜರಿ ಕರೆಯಲು ಬಾಯಿ ತೆರೆದರೆ, ಬಾಗಿಲ ಸಂದಿಯಲ್ಲಿ ಗಾಳಿ ನುಸುಳಿದಂಥ ಒಂದು ಸಪ್ಪಳ. ಮಕ್ಕಳು ನಕ್ಕರು. ನಾನೂ ನಗಲು ಹೋದೆ; ನಗೆಗೂ ದನಿ ಬೇಕೆಂದು ಆಗ ಗೊತ್ತಾಯಿತು.

ದೊಡ್ಡ ರೋಗ ಬಂದರೆ ನೆರೆಹೊರೆ ಪಿಸುಮಾತಿನಲ್ಲಿ ಮಾತಾಡುತ್ತದೆ. ಸಣ್ಣ ರೋಗ ಬಂದರೆ ಹಬ್ಬ ಮಾಡುತ್ತದೆ. ನೆಗಡಿ, ನರೂಲಿ, ಬಿಕ್ಕಳಿಕೆ, ಕಟ್ಟಿದ ಗಂಟಲು ಇವು ಎಲ್ಲರೂ ವೈದ್ಯರಾಗಬಹುದಾದ ರಾಜ್ಯ. ಇಲ್ಲಿ ಪದವಿ ಬೇಡ, ಧೈರ್ಯ ಸಾಕು. ಪಕ್ಕದ ಮನೆಯ ಖಾಲಾ ಜೇಷ್ಠಮಧುವಿನ ಕಡ್ಡಿ ತಂದು ದವಡೆಗೆ ತುರುಕಿದಳು. ಆಯಿ ಕೆಂಡದ ಮೇಲೆ ಅಜವಾನ ಉದುರಿಸಿ ಹೊಗೆ ಕುಡಿಸಿದಳು. ಸಂತಪುರದಿಂದ ಸೋದರಮಾವ ಜೇನು ಕಳಿಸಿದ. ಅದರಲ್ಲಿ ಹಿಪ್ಪಲಿ ತೇಯ್ದು ನೆಕ್ಕಿಸಿದರು. ಬೀದಿಯಲ್ಲಿ ಹೋಗುವವರೂ ಕಟ್ಟೆಗೆ ಬಂದು ಒಂದೊಂದು ಮದ್ದು ಹೇಳಿ ಹೋದರು. ಒಬ್ಬನಂತೂ, ಕತ್ತೆಯ ಹಾಲು ಕುಡಿಸಿರಿ, ಎಂದ.

"ಕತ್ತಿ ಹಾಲು ಕುಡದು ಕತ್ತೀ ದನಿ ಬಂದ್ರ ಏನ್ ಮಾಡೋದೋ ತಮ್ಮಾ?" ಎಂದಳು ಆಯಿ.

"ಬರಲಿ ಬಿಡ್ರಿ ಆಯಿ, ಭೊಂಗಾದ ಖರ್ಚ ಉಳೀತದ!"

ಎಲ್ಲರೂ ನಕ್ಕರು. ನಾನು ಗಾಳಿಯಂತೆ ನಕ್ಕೆ.

ಇಷ್ಟರಲ್ಲಿ ಸಿಸ್ಟರ್ ನಮ್ಮ ಮನೆಗೆ ಬಂದಳು. ಬೀದರದ ಮಿಶನ್ ದವಾಖಾನೆಯಿಂದ ವಾರಕ್ಕೊಮ್ಮೆ ಬೆಳಗಿನ ರೈಲಿನಲ್ಲಿ ಭಾಲ್ಕಿಗೆ ಬಂದು, ನಮ್ಮ ಶಾಲೆಯ ಪಡಸಾಲೆಯಲ್ಲಿ ಪೆಟ್ಟಿಗೆ ತೆರೆದು ಔಷಧ ಕೊಡುತ್ತಿದ್ದ ನರ್ಸ್ ಆಕೆ. ಊರವರು ಅವಳನ್ನು ಸಿಸ್ಟರಬಾಯಿ ಎನ್ನುತ್ತಿದ್ದರು. ಇಂಗ್ಲೀಷರು ಹೋದರೂ ಹೋಗದೆ ಉಳಿದ ಇಂಗ್ಲೀಷಿನವಳು ಎಂದೂ ಅನ್ನುತ್ತಿದ್ದರು. ಹಾಗೆ ಅಂದರೆ ಅವಳ ಕಿವಿ ಕೆಂಪಾಗುತ್ತಿತ್ತು. "ಇಂಗ್ಲೆಂಡ್ ನಹೀ, ಐರ್ಲೆಂಡ್! ಬ್ಯಾರೇ ಅದ! ಜಗಳ ಅದ!" ಎಂದು ಉತ್ತರಿಸುತ್ತಿದ್ದಳು, ಉರ್ದು ಕನ್ನಡಗಳನ್ನು ಒಂದೇ ಒರಳಿನಲ್ಲಿ ಕುಟ್ಟಿದ ತನ್ನ ಮಾತಿನಲ್ಲಿ. ಬೀದರದ ಬೇಸಿಗೆಯಲ್ಲೂ ಉಣ್ಣೆಯ ಕಾಲುಚೀಲ ತೊಡುವುದು ಅವಳ ಇನ್ನೊಂದು ಜಗಳ. ಯಾರೊಡನೆ ಎಂದು ಗೊತ್ತಿರಲಿಲ್ಲ.

ಅವಳು ನನ್ನ ಬಾಯೊಳಗೆ ಬೆಳಕು ಬಿಟ್ಟು ನೋಡಿ, ಮುಕ್ಕಳಿಸಲು ಔಷಧ ಕೊಟ್ಟಳು. ಆಮೇಲೆ ಕೇಳಿದಳು: "ಯಾವಾಗ ಭಾಷಣ?" ಆಯಿ ಹೇಳಿದಳು. ಸಿಸ್ಟರ್ ಬೆರಳು ಮಡಿಸಿ ದಿನ ಎಣಿಸಿದಳು. ಬಳಿಕ ಪೆಟ್ಟಿಗೆ ಮುಚ್ಚಿ, "ಇದು ದವಾಖಾನಿ ಔಷಧ ಆಯ್ತು. ಇನ್ನ ನಮ್ಮ ಅವ್ವನ ಔಷಧ," ಎಂದು ಬಾಗಿಲ ಮರೆಗೆ ಹೋಗಿ, ತನ್ನ ಎಡಗಾಲಿನ ಕಾಲುಚೀಲ ಬಿಚ್ಚಿಕೊಂಡು ಬಂದು ನನ್ನ ಮುಂದೆ ಹಿಡಿದಳು. ಅದರ ಹಿಮ್ಮಡಿಗೆ ಬೇರೆ ದಾರದಲ್ಲಿ ನೇಯ್ದ ತೇಪೆ ಇತ್ತು.

ಅವಳ ಊರಿನಲ್ಲಿ ಗಂಟಲು ಕಟ್ಟಿದರೆ ಹೀಗೆ ಮಾಡುತ್ತಾರಂತೆ: ದಿನವೆಲ್ಲ ತೊಟ್ಟ ಎಡಗಾಲಿನ ಕಾಲುಚೀಲವನ್ನು, ಪಾದದ ಬಿಸುಪು ಆರುವ ಮೊದಲೇ, ಒಳಗೆ ಹುರಿದ ಉಪ್ಪು ತುಂಬಿ, ಹಿಮ್ಮಡಿಯ ಭಾಗ ಗಂಟಲ ಗುಳಿಗೆ ಬರುವ ಹಾಗೆ ಕೊರಳಿಗೆ ಕಟ್ಟಬೇಕು. ತೊಳೆಯಬಾರದು. ದನಿ ಬರುವ ತನಕ ಪಿಸುಗುಟ್ಟಲೂಬಾರದು. "ಮತ್ತ ಒಂದ್ ಮಾತು," ಎಂದಳು. "ಔಷಧ ಕೊಟ್ಟವರಿಗೆ ಥ್ಯಾಂಕ್ಸ್ ಹೇಳಬಾರದು. ರೊಕ್ಕ ಕೊಡಬಾರದು. ಹೇಳಿದ್ರ ಔಷಧ ಓಡಿ ಹೋಗ್ತದ. ಯಾವತ್ತೂ ಹೇಳಬಾರದು. ತಿಳೀತಾ ಟೀಚರ್?"

ಅವಳ ಬಾಯಿ ಬಿಚ್ಚಿಕೊಂಡಿತು. ಅವತ್ತು ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ನಾವು ಕೇಳಿದ ಐರ್ಲೆಂಡಿನ ಮದ್ದುಗಳನ್ನು ನೆನೆದರೆ ಈಗಲೂ ನನಗೆ ಖುಷಿಯಾಗುತ್ತದೆ. ಅಲ್ಲಿ ನಾಯಿಕೆಮ್ಮು ಬಂದ ಕೂಸನ್ನು ಕತ್ತೆಯ ಹೊಟ್ಟೆಯ ಕೆಳಗಿಂದ ಆಚೆಗೆ ಈಚೆಗೆ ದಾಟಿಸುತ್ತಾರಂತೆ. (ಕತ್ತೆಯ ಹಾಲು ಹೇಳಿದವನು ಎಲ್ಲಿದ್ದಾನೆಂದು ಆಯಿ ಬಾಗಿಲಾಚೆ ನೋಡಿದಳು.) ಇಲ್ಲದಿದ್ದರೆ ಬಿಳಿ ಕುದುರೆ ಏರಿ ಹೋಗುವವನನ್ನು ದಾರಿಯಲ್ಲಿ ನಿಲ್ಲಿಸಿ, ಕೆಮ್ಮಿಗೆ ಏನು ಮದ್ದು, ಎಂದು ಕೇಳುವುದು, ಅವನು ಬಾಯಿಗೆ ಬಂದದ್ದು ಹೇಳಿದರೂ ಅದೇ ಮದ್ದು! ನರೂಲಿಗೆ ಕಮ್ಮಾರನ ಕುಲುಮೆಯ ನೀರು, ಕೊಯ್ದ ಬೆರಳಿಗೆ ಜೇಡರ ಬಲೆ, ತಲೆನೋವಿಗೆ ಅವರ ಸಂತಳೊಬ್ಬಳ ಹಬ್ಬದ ಹಿಂದಿನ ರಾತ್ರಿ ಹೊರಗೆ ಹರವಿ ಇಬ್ಬನಿಯಲ್ಲಿ ನೆನೆಸಿದ ಅರಿವೆ, ಏಳನೆಯ ಮಗನ ಕೈಯ ಸ್ಪರ್ಶ. ಅಷ್ಟು ದೂರದ, ಮಳೆ ಚಳಿಯ ದ್ವೀಪದ ಜನ ಕತ್ತೆ, ಕಮ್ಮಾರ, ಜೇಡ ಎಂದು ನಮ್ಮ ಓಣಿಯವರನ್ನೇ ನೆಚ್ಚಿಕೊಂಡು ಬದುಕಿದ್ದು ನನಗೆ ಬೆರಗೆನಿಸಿತು. ಬಿಳಿ ಕುದುರೆಯವನ ಮದ್ದು ಸುಳ್ಳೆಂದು ಹೇಳಲು ನನಗೆ ಇವತ್ತಿಗೂ ಮನಸ್ಸಿಲ್ಲ. ಕೆಮ್ಮುವ ಕೂಸನ್ನು ಎತ್ತಿಕೊಂಡು ದಾರಿಯ ಬದಿಗೆ ನಿಂತ ತಾಯಿಗೆ ಬೇಕಾದದ್ದು ಮದ್ದೇ ಇರಬಹುದು. ಅಥವಾ ಎತ್ತರದಲ್ಲಿ ಕೂತ ಒಬ್ಬ ತನ್ನ ಸಲುವಾಗಿ ಲಗಾಮು ಎಳೆದು ನಿಂತು, ಒಂದು ಮಾತು ಆಡುವುದಿರಬಹುದು.

ಕೊನೆಗೆ ಸಿಸ್ಟರ್ ಹೇಳಿದ ಒಂದು ಸಂಗತಿಯನ್ನು ಮಾತ್ರ ನನ್ನ ನೆನಪು ತಿದ್ದಿಲ್ಲ ಎಂದುಕೊಂಡಿದ್ದೇನೆ. ಅವಳ ಅಜ್ಜಿಗೆ ಬೇರೆಯದೇ ಭಾಷೆ ಇತ್ತಂತೆ. ಶಾಲೆಯಲ್ಲಿ ಆ ಭಾಷೆ ಆಡಿದರೆ ಹೊಡೆಯುತ್ತಿದ್ದರಂತೆ. "ಅಜ್ಜಿಯಿಂದ ಅವ್ವಗ ಅರ್ಧ ಬಂತು. ಅವ್ವನಿಂದ ನನಗ ಔಷಧ ಅಷ್ಟೇ ಬಂತು. ಕೆಮ್ಮಿಗೆ ಏನಂತಾರ, ಉಪ್ಪಿಗೆ ಏನಂತಾರ, ನನಗ ಗೊತ್ತದ. ಭಾಷಣ ಬರಂಗಿಲ್ಲ." ನನ್ನ ಗಲ್ಲ ಹಿಡಿದಳು. "ನೀ ಮಾತಾಡಬೇಕು ಟೀಚರ್."

ಅಲ್ಲಿಯವರೆಗೆ ನನ್ನದಾಗಿದ್ದ ಗಂಟಲು ಅಂದಿನಿಂದ ಇಬ್ಬರದಾಯಿತು.

ಒಂದು ಕಾಲಲ್ಲಿ ಚೀಲ, ಒಂದು ಬರಿಗಾಲು, ಹಾಗೆಯೇ ಬೂಟು ಹಾಕಿಕೊಂಡು ಸಿಸ್ಟರ್ ರೈಲಿಗೆ ಹೋದಳು. ನಾನು ಕಟ್ಟೆಯ ತನಕ ಅವಳನ್ನು ಕಳಿಸಿ ಒಳಗೆ ಬಂದಾಗ ಆಗಬಾರದ್ದು ಆಗಿಹೋಗಿತ್ತು. ಆಯಿ ಕಾಲುಚೀಲವನ್ನು ಬಟ್ಟೆ ಒಗೆಯುವ ಸವಳು ಹಾಕಿದ ಕುದಿನೀರಿಗೆ ಹಾಕಿದ್ದಳು.

ನಾನು ಕೈಕೈ ಬಡಿದುಕೊಂಡೆ. ಆಯಿ ಕೋಲಿನಿಂದ ತಿರುವುತ್ತಲೇ ಇದ್ದಳು. "ಯಾಕ ಹಂಗ ನೋಡ್ತಿ ಪೋರಿ? ಬೂಟಿನ್ಯಾಗ ಇದ್ದದ್ದು ಅದ. ನಾಳೆ ನೀ ಅದನ್ನ ಕಟ್ಟಗೊಂಡು ದೇವರ ಮುಂದ ದೀಪ ಹಚ್ತಿ. ಆಕಿ ಪಾಪ, ಆಕಿ ದೇಶದಾಗ ನೀರು ಥಂಡ ಇರ್ತಾವು, ಅದಕ್ಕ ತೊಳಿಬ್ಯಾಡ ಅಂದಾಳ."

ಉಣ್ಣೆಯ ಬಟ್ಟೆಯನ್ನೇ ಉಟ್ಟರಿಯದ ಊರಿನಲ್ಲಿ ಉಣ್ಣೆ ಕುದಿಸಿದರೆ ಏನಾಗುತ್ತದೆಂದು ಯಾರಿಗೆ ಗೊತ್ತು? ಮೊಳಕಾಲು ಮುಟ್ಟುತ್ತಿದ್ದ ಚೀಲ ಬಿಸಿಲಲ್ಲಿ ಒಣಗಿದ ಮೇಲೆ ಗೇಣುದ್ದ, ಗಟ್ಟಿ ರೊಟ್ಟಿಯಂತೆ ಕೂತಿತ್ತು. ಕೊರಳು ಸುತ್ತುವುದಿರಲಿ, ಕಿವಿಯಿಂದ ಕಿವಿಗೂ ಬರುವಂತಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಅದು ಸಿಸ್ಟರಳ ತಾಯಿ ಕೈಯಾರೆ ಹೆಣೆದದ್ದೆಂದು ಹಿಮ್ಮಡಿಯ ತೇಪೆ ಮುಟ್ಟಿ ಅವಳೇ ಹೇಳಿದ್ದಳು. ಆಯಿ ಅದನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. ಒಳಗೆ ಹೋಗಿ, ತನ್ನ ಹಸಿರು ಸೀರೆಯ ಅಂಚನ್ನು ಚರ್ರೆಂದು ಹರಿದು ತಂದಳು. ಹಬ್ಬಕ್ಕೆ ಮಾತ್ರ ಉಡುತ್ತಿದ್ದ ಸೀರೆ. ಎರಡೂ ಬದಿಗೆ ಲಾಡಿ ಹೊಲಿದು, ಹುರಿದ ಉಪ್ಪಿನ ಜೊತೆಗೆ ತನ್ನದೊಂದು ಹಿಡಿ ಅಜವಾನ ಸೇರಿಸಿ, ನನ್ನ ಕೊರಳಿಗೆ ಕಟ್ಟಿದಳು. ಕಟ್ಟುವ ಮೊದಲು, ಎಲ್ಲಿ ಮರೆತೀತೋ ಎಂಬಂತೆ, ಆ ಗಟ್ಟಿ ಚೀಲವನ್ನು ತನ್ನ ಎಡಗಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಮನೆಯಲ್ಲಿ ನಾಲ್ಕು ಹೆಜ್ಜೆ ಕುಂಟಿದಳು. ತೊಟ್ಟ ಚೀಲವಾಗಬೇಕಲ್ಲ!

ಮಾತಿಲ್ಲದ ದಿನಗಳು ಶುರುವಾದವು. ನಾನು ಮೌನವ್ರತ ಹಿಡಿದಿದ್ದೇನೆಂದು ಓಣಿಯಲ್ಲಿ ಸುದ್ದಿಯಾಗಿ, ಒಬ್ಬಾಕೆ ಬಂದು ಮಗಳ ಮದುವೆ ಯಾವಾಗ ಕೂಡಿಬರುತ್ತದೆಂದು ಕೇಳಿ, ನಾನು ಕೈ ಆಡಿಸಿದ್ದನ್ನೇ ತನಗೆ ಬೇಕಾದ ಹಾಗೆ ತಿಳಿದು ಸಂತೋಷದಿಂದ ಹೋದಳು. ಬಿಳಿ ಕುದುರೆಯವನ ಕಷ್ಟ ಏನೆಂದು ನನಗೆ ಆಗ ತಿಳಿಯಿತು.

ಆ ದಿನ ಬಂತು. ಆಯಿ, ತಂಗಿ, ನಾನು ರೈಲಿನಲ್ಲಿ ಬೀದರಕ್ಕೆ ಬಂದೆವು. ಕೊರಳಲ್ಲಿ ಚೀಲ, ಮೇಲೆ ಸೆರಗು. ಗಂಜಿನ ದಾರಿಯಲ್ಲಿ ತೊಗರಿಯ ಚೀಲ ಇಳಿಸುತ್ತಿದ್ದ ಹಮಾಲರಲ್ಲಿ ಒಬ್ಬ ಇನ್ನೊಬ್ಬನಿಗೆ, "ಇವರೇ ನೋಡಪಾ, ಗೂಂಗಿ ಬಾಯಿ, ಭಾಷಣ ಮಾಡ್ಲಕ ಬಂದಾರ!" ಎಂದದ್ದು ಕಿವಿಗೆ ಬಿತ್ತು. ನಾನು ಮೂಗಿಯಾದ ಸುದ್ದಿ ನನಗಿಂತ ಮೊದಲೇ ರೈಲು ಹತ್ತಿತ್ತು. ವೇದಿಕೆಯ ಪಕ್ಕದಲ್ಲಿ ಜರಿ ರುಮಾಲಿನ ಮಾಸ್ತರರು ನಿಂತಿದ್ದರು, ಕೈಯಲ್ಲಿ ಮಡಿಸಿದ ಕಾಗದ.

"ಬಾಯಿಯವರ, ಆಗ್ತದೇನ್ರಿ?" ಎಂದರು ಹೆಡ್ ಮಾಸ್ತರರು. ಅವರ ಹಣೆಯಲ್ಲಿ ಬೆವರು. "ಈಗ ಹೇಳ್ರಿ, ಆಮ್ಯಾಲ ಬ್ಯಾಡ."

ಪಿಸುಗುಟ್ಟಲೂ ಬಾರದೆಂಬ ಆಜ್ಞೆ. ಆಗುತ್ತದೋ ಇಲ್ಲವೋ ನನಗೂ ಗೊತ್ತಿರಲಿಲ್ಲ. ತಲೆ ಆಡಿಸಿ ಮೆಟ್ಟಿಲು ಹತ್ತಿದೆ. ಮುಂದಿನ ಸಾಲಿನ ತುದಿಯಲ್ಲಿ ಆಯಿ. ಅವಳ ಪಕ್ಕದಲ್ಲಿ, ಹಿಂದೆ ಕೂತವರಿಗೆ ಏನೂ ಕಾಣದಂತೆ, ಸಿಸ್ಟರ್.

ಹೆಡ್ ಮಾಸ್ತರರು ಬರೆದುಕೊಟ್ಟ ಸ್ವಾಗತದ ಮೊದಲ ಪದವೇ ಒಂದು ಸಾಲಿನ ಉದ್ದದ ಸಮಾಸ. ಬಾಯಿ ತೆರೆದೆ. ಬಂದದ್ದು ನನ್ನ ದನಿಯಲ್ಲ. ದಪ್ಪನೆಯ, ತಳ ಹತ್ತಿದ ಪಾತ್ರೆಯಂಥ ದನಿ. ಸಮಾಸದ ನಡುವಿಗೆ ಬರುವಷ್ಟರಲ್ಲಿ ಅದು ಮುರಿಯಿತು. ಹಿಂದಿನಿಂದ ಯಾರೋ, "ಬಾಯೀ, ಪಾನೀ ಪೀಜಿಯೇ!" ಎಂದರು. ಮೈದಾನ ನಕ್ಕಿತು. ರುಮಾಲು ಒಂದು ಮೆಟ್ಟಿಲು ಮೇಲೇರಿತು.

ಆ ಗಳಿಗೆಯಲ್ಲಿ ನನ್ನ ಗಂಟಲೇ ನನಗೆ ಬುದ್ಧಿ ಹೇಳಿತು. ಉದ್ದನೆಯ ಮಾತಿಗೆ ಅದರಲ್ಲಿ ಉಸಿರಿರಲಿಲ್ಲ. ಗಿಡ್ಡ ಮಾತಿಗೆ ಇತ್ತು. ಕಾಗದ ಮಡಿಸಿದೆ.

"ಕೂಡ್ರಿ," ಎಂದೆ. ದನಿ ನಿಂತಿತು. "ಎಲ್ಲಾರೂ ಕೂಡ್ರಿ. ಇವತ್ತ ನೀವು ಯಾರೂ ಬೀಗರಲ್ಲ. ನಾವು ನಮ್ಮ ಮನಿಗೆ ಬಂದೀವಿ." ನಗೆ ತಗ್ಗಿತು. "ಇಷ್ಟ ದಿನ ನಾವು ಅರ್ಜಿ ಬರದದ್ದು ಒಂದ್ ಮಾತಿನ್ಯಾಗ, ಅತ್ತದ್ದು ಇನ್ನೊಂದ್ ಮಾತಿನ್ಯಾಗ. ಇನ್ನ ಮ್ಯಾಲ ಎರಡೂ ನಮ್ಮ ಮಾತಿನ್ಯಾಗೇ ಮಾಡೋಣು." ಹಮಾಲರ ಕಡೆಯಿಂದ ಒಂದು ಕೇಕೆ ಬಂತು. "ನನಗ ನೀರು ಕುಡೀರಿ ಅಂದ್ರಲ್ಲ, ಉರ್ದುದಾಗ, ಅವರೂ ನಮ್ಮವರೇ. ಅವರೂ ಕೂಡ್ಲಿ. ನಮ್ಮ ಅಡಗಿ ಮನಿ ಮರಾಠಿ ಅದ, ಅದೂ ಒಳಗೇ ಇರ್ಲಿ. ಯಾರೂ ಎದ್ದು ಹೋಗಬ್ಯಾಡ್ರಿ. ಮನಿ ದೊಡ್ಡದದ."

ಮೈದಾನ ಎದ್ದು ನಿಂತಿತು, ಕೂಡಿರೆಂದರೂ ನಿಂತಿತು. ಚಪ್ಪಾಳೆ ಗಂಜಿನ ತಗಡಿನ ಮಾಡುಗಳಿಗೆ ಬಡಿದು ತಿರುಗಿ ಬಂತು. ನೀರು ಕುಡಿಯಲು ಹೇಳಿದವನೇ ಲೋಟ ಹಿಡಿದು ವೇದಿಕೆಯ ತನಕ ಓಡಿ ಬಂದ. ಜರಿ ರುಮಾಲಿನವರು ತಮ್ಮ ಕಾಗದವನ್ನು ಜೇಬಿಗೆ ಹಾಕಿ, ಅವರ ದೊಡ್ಡತನ ನೋಡಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ನಾನು ಹೀಗೆಯೇ ಮಾತಾಡಿದೆನೇ? ತಂಗಿಯ ಪ್ರಕಾರ ನಾನು "ಕೂಡ್ರಿ ಕೂಡ್ರಿ" ಎಂದು ನಾಲ್ಕಾರು ಸಲ ಅಂದದ್ದು ಬಿಟ್ಟರೆ ಹೆಚ್ಚೇನಿಲ್ಲ. ಜನ ಎದ್ದದ್ದು ಅದಕ್ಕೇ. ಇಷ್ಟು ವರ್ಷ ಹೇಳಿ ಹೇಳಿ ಆ ಮಾತುಗಳಿಗೆ ನಾನು ಹೊಳಪು ಕೊಟ್ಟಿರಬಹುದು. ಆದರೆ ಎದ್ದರೆಂಬುದನ್ನು ಅವಳೂ ಅಲ್ಲಗಳೆಯುವುದಿಲ್ಲ. ಮರುವರ್ಷ ಅದೇ ವೇದಿಕೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಮಾತಾಡಿದರು. ನಮ್ಮಿಬ್ಬರಲ್ಲಿ ಅದರ ಬಗ್ಗೆಯೂ ಜಗಳವಿಲ್ಲ.

ಒಂದು ಸಂಗತಿ ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ. ಮಾತಿನ ಕೊನೆಗೆ ವಂದನೆ ಹೇಳಬೇಕಿತ್ತು. ಬಂದ ಅಧಿಕಾರಿಗಳಿಗೆ ಹೇಳಿದೆ, ಹೆಡ್ ಮಾಸ್ತರರಿಗೆ ಹೇಳಿದೆ, ಗಂಜಿನ ಹಮಾಲರಿಗೆ ಹೇಳಿದೆ, ಜೇಷ್ಠಮಧುವಿನ ಖಾಲಾಳಿಗೆ, ಜೇನಿನ ಮಾವನಿಗೆ, ಭೊಂಗಾದವನಿಗೂ ಹೇಳಿದೆ. ಮುಂದಿನ ಸಾಲಿನ ತುದಿಗೆ ಬಂದಾಗ ಬಾಯಿ ಮುಚ್ಚಿಕೊಂಡೆ. ಸಿಸ್ಟರ್ ತುಟಿಯ ಮೇಲೆ ಬೆರಳಿಟ್ಟು ಕೂತಿದ್ದಳು. ಅವಳ ಕಣ್ಣು ತುಂಬಿತ್ತು. ಆಯಿಗೂ ಹೇಳಲಿಲ್ಲ, ಔಷಧದಲ್ಲಿ ಅವಳ ಸೀರೆಯೂ ಇತ್ತಲ್ಲ.

ಸಂಜೆ ಸ್ಟೇಷನ್ನಿಗೆ ಸಿಸ್ಟರ್ ನಮ್ಮನ್ನು ಕಳಿಸಲು ಬಂದಳು. ಬೇರೆಯವರ ಮನೆಯ ವಸ್ತುವನ್ನು ಬರಿದಾಗಿ ತಿರುಗಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಆಯಿ ಉಪ್ಪು ಚೆಲ್ಲಿ, ಕಾಲುಚೀಲದ ತುಂಬ ಶೇಂಗಾ ತುಂಬಿ ಅವಳ ಮುಂದೆ ಹಿಡಿದಳು. ಸಿಸ್ಟರ್ ಎರಡೂ ಕಿವಿ ಮುಚ್ಚಿಕೊಂಡಳು. "ಏನೂ ಹೇಳಬ್ಯಾಡ್ರಿ ಆಯಿ! ಔಷಧ ಹೋಗ್ತದ!"

"ನಾ ಎಲ್ಲಿ ಏನ್ ಹೇಳೀನಿ? ಹಸಿವ್ಯಾಗೇದ, ತಿನ್ನು ಅನ್ಲತೀನಿ."

ಸಿಸ್ಟರ್ ಕೈಯಲ್ಲಿ ಕಾಲುಚೀಲ ಹಿಡಿದು, ಅದರ ಅಳತೆ ನೋಡಿ, ಲಾಡಿ ನೋಡಿ, ತಾಯಿಯ ತೇಪೆ ಇನ್ನೂ ಇದೆಯೇ ಎಂದು ಬೆರಳಿನಿಂದ ತಡವಿ, ಪ್ಲಾಟ್‌ಫಾರ್ಮ್ ತಿರುಗಿ ನೋಡುವ ಹಾಗೆ ನಕ್ಕಳು. "ತೊಳದೀರಿ!" ಎಂದಳು. ಶೇಂಗಾವನ್ನು ತನ್ನ ಜೇಬಿಗೆ ಸುರಿದುಕೊಂಡು, ಚೀಲವನ್ನು ನನ್ನ ಕೈಗೆ ತಿರುಗಿ ಕೊಟ್ಟಳು. "ಇದು ಈಗ ನನ್ನ ಕಾಲಿಗೆ ಬರಂಗಿಲ್ಲ. ಇದು ಇಲ್ಲೀದೇ ಆಯ್ತು."

ನನ್ನ ದನಿಯನ್ನು ತಂದದ್ದು ಯಾವುದು? ಉಪ್ಪಿನ ಶಾಖವೋ, ಅಜವಾನದ ಹೊಗೆಯೋ, ದವಾಖಾನೆಯ ನೀರೋ, ಸುಮ್ಮನಿದ್ದ ವಿಶ್ರಾಂತಿಯೋ, ಜೋಳದ ಪೈರಿಗೆ ಹೇಳಿ ಸವೆಸಿದ ಆ ಉದ್ದ ಪದಗಳಿಂದ ಪಾರಾದ ನೆಮ್ಮದಿಯೋ? ವಿಜ್ಞಾನ ಓದಿದ ತಂಗಿ, ಕಟ್ಟಿದ ಗಂಟಲು ತಾನಾಗಿಯೇ ಬಿಡುತ್ತದೆ, ಎನ್ನುತ್ತಾಳೆ. ಇರಲಿ. ನಾನು ಅವಳೊಡನೆ ವಾದಿಸುವುದಿಲ್ಲ. ವಾದಿಸುವಷ್ಟು ದನಿ ನನಗಿದೆ ಎಂಬುದೇ ಸಾಕು. ಅಂದು ಬಂದ ದನಿ, ದಪ್ಪನೆಯದು, ಮತ್ತೆ ಎಂದೂ ತೆಳುವಾಗಲಿಲ್ಲ. ಅದರಲ್ಲೇ ತರಗತಿಗಳ ಮೇಲೆ ತರಗತಿಗಳಿಗೆ ಕನ್ನಡ ಓದಿಸಿದೆ. ಭಾಲ್ಕಿ, ಔರಾದ, ಬೀದರದ ಸಭೆಗಳಲ್ಲಿ ಭೊಂಗಾ ಕೆಟ್ಟ ದಿನ ಜನ ನನ್ನನ್ನೇ ಕರೆಯುತ್ತಿದ್ದರು.

ಸಿಸ್ಟರ್ ಆಮೇಲೆ ತನ್ನ ದೇಶಕ್ಕೆ ಹೋದಳು. ಆಯಿ ಎಲ್ಲರೂ ಹೋಗುವಲ್ಲಿಗೆ. ಇವತ್ತು ಬೆಳಿಗ್ಗೆ ಟ್ರಂಕು ತೆರೆದು, ಆ ಗೇಣುದ್ದದ ಚೀಲವನ್ನು ಕೈಯಲ್ಲಿ ಹಿಡಿದಾಗ ಅದು ಬೆಚ್ಚಗಿತ್ತು. ಬಿಸಿಲಿನದಿರಬಹುದು. ಲಾಡಿ ಎಳೆದು ಕೊರಳಿಗೆ ಕಟ್ಟಿಕೊಂಡೆ, ಹಿಮ್ಮಡಿ ಗಂಟಲ ಗುಳಿಗೆ ಬರುವ ಹಾಗೆ. ಅಂಗಳದಲ್ಲಿ ನಿಂತು ಎದುರು ಮನೆಯವಳನ್ನು ಹೆಸರು ಹಿಡಿದು ಕೂಗಿದೆ. ಓಣಿಯ ಆ ತುದಿಯ ನಾಯಿಯೂ ಎದ್ದು ಕೂತಿತು.

ಅವರಿಬ್ಬರಿಗೆ ನಾನು ಆ ವಂದನೆ ಇನ್ನೂ ಹೇಳಿಲ್ಲ. ಈ ಬರಹದಲ್ಲಿಯೂ ಹೇಳಿಲ್ಲ, ಬೇಕಾದರೆ ಮೊದಲಿಂದ ತಿರುವಿ ನೋಡಿ. ನನಗೆ ಇನ್ನೂ ಬಹಳ ಮಾತಾಡುವುದಿದೆ.